ಸಹಕಾರ ಸಂಘದ ಹೊಣೆ ಲಾಭ ಹಂಚಿದ ಮೇಲೆ ಶುರುವಾಗುವುದಿಲ್ಲ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೃಷಿ ಸಹಕಾರ ಸಂಘಗಳ ಸಾಮಾಜಿಕ ಹೊಣೆಯನ್ನು ಕುರಿತವು. ಸಂಘಗಳ ವಾರ್ಷಿಕ ಮಹಾಸಭೆಯ ಕಾಲ ಹತ್ತಿರವಾಗುತ್ತಿರುವುದರಿಂದ ಅವುಗಳಲ್ಲಿ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಮತ್ತು ಸಂಘಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಈ ವರ್ಷ ಒಳ್ಳೆಯ ಲಾಭ ಬಂದಿದೆ. ಕಂಪನಿಗಳಂತೆ ನಾವೂ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ತೆಗೆದಿಡಲೇಬೇಕು ಎಂದು ನಮ್ಮ ಲೆಕ್ಕ ನೋಡುವವರು ಹೇಳುತ್ತಾರೆ. ಆ ಹಣವನ್ನು ಊರ ದೇವರ ಹೊಸ ರಥಕ್ಕೆ ಕೊಡೋಣ ಎನ್ನುವುದು ಕೆಲವು ನಿರ್ದೇಶಕರ ಅಭಿಪ್ರಾಯ. ಇದು ಸರಿಯೇ?
— ಸಂಘದ ನಿರ್ದೇಶಕರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಶೇ 2ರ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಅದು 2013ರ ಕಂಪನಿ ಕಾಯ್ದೆಯ 135ನೇ ಕಲಮಿನದು. ₹500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ ₹1,000 ಕೋಟಿ ವಹಿವಾಟು, ಇಲ್ಲವೇ ₹5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳಿಗೆ ಹಾಕಿದ ಕಟ್ಟುಪಾಡು. ನಿಮ್ಮ ಸಂಘ ನಡೆಯುವುದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಕೆಳಗೆ. ಅದರ ಪ್ರಕಾರ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 25ರಷ್ಟು ಆಪದ್ಧನ ನಿಧಿಗೆ ಹೋಗಬೇಕು, ಸಹಕಾರ ಶಿಕ್ಷಣ ನಿಧಿಗೆ ವಂತಿಗೆ ಸಲ್ಲಬೇಕು. ಉಳಿದದ್ದರಲ್ಲಿ ಡಿವಿಡೆಂಡ್ ಎಷ್ಟು, ಇತರ ನಿಧಿಗಳಿಗೆ ಎಷ್ಟು ಎಂಬುದನ್ನು ನಿಮ್ಮ ಬೈಲಾ (ಸಂಘದ ಉಪನಿಯಮಗಳು) ಮತ್ತು ಮಹಾಸಭೆ ತೀರ್ಮಾನಿಸುತ್ತವೆ.

ರಥದ ವಿಷಯಕ್ಕೆ ಬಂದರೆ, ಇದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದಿನ ಕಾನೂನು ಎದುರಿಸಿತ್ತು. 1912ರ ಸಹಕಾರ ಸಂಘಗಳ ಕಾಯ್ದೆಯ 34ನೇ ಕಲಮು, ನಾಲ್ಕನೇ ಒಂದು ಭಾಗವನ್ನು ಆಪದ್ಧನಕ್ಕೆ ಸೇರಿಸಿದ ಮೇಲೆ ಉಳಿದ ಲಾಭದ ಶೇ 10ರವರೆಗೆ ಧರ್ಮಕಾರ್ಯಕ್ಕೆ ಕೊಡಲು ನಿಬಂಧಕರ ಒಪ್ಪಿಗೆಯ ಮೇಲೆ ಅವಕಾಶ ನೀಡಿತ್ತು. ಧರ್ಮಕಾರ್ಯ ಎಂದರೇನು ಎಂಬುದಕ್ಕೆ 1890ರ ಧರ್ಮಾದಾಯ ದತ್ತಿಗಳ ಕಾಯ್ದೆಯ ಅರ್ಥವಿವರಣೆಯನ್ನೇ ಇಟ್ಟುಕೊಂಡಿತ್ತು: ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ಸಹಾಯ, ಸಾರ್ವಜನಿಕರಿಗೆ ಉಪಯುಕ್ತವಾದ ಇತರ ಕೆಲಸ, ಕೇವಲ ಪೂಜೆ ಮತ್ತು ಧಾರ್ಮಿಕ ಬೋಧನೆಗೆ ಸಂಬಂಧಪಟ್ಟದ್ದು ಇದರಲ್ಲಿ ಸೇರುವುದಿಲ್ಲ. ಅಂದಿನವರು ದೇವರನ್ನು ನಂಬದವರೇನೂ ಆಗಿರಲಿಲ್ಲ. ಒಂದೇ ಸಂಘದಲ್ಲಿ ಹಲವು ದೇವರ ಒಕ್ಕಲುಗಳು ಷೇರುದಾರರಾಗಿರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ನಿಮ್ಮ ಬೈಲಾದ ಲಾಭ ವಿಲೇವಾರಿ ನಿಯಮವನ್ನು ಓದಿ ನೋಡಿ. ರಥಕ್ಕೆ ಭಕ್ತರು ತಮ್ಮ ಕೈಯಿಂದ ಕೊಡಲಿ, ಅದು ಶೋಭೆ. ಸಂಘದ ಲಾಭದಿಂದ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆದರೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಕಂಪನಿ ಮೊದಲು ಗಳಿಸುತ್ತದೆ, ಆಮೇಲೆ ಅದರಲ್ಲಿ ಒಂದು ಪಾಲನ್ನು ಸಮಾಜಕ್ಕೆ ಕೊಡುತ್ತದೆ. ಸಹಕಾರ ಸಂಘದಲ್ಲಿ ಹೊಣೆ ಇರುವುದು ಗಳಿಸುವ ರೀತಿಯಲ್ಲಿಯೇ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿದ್ದು ರೈತ ಸಾಹುಕಾರನ ಬಡ್ಡಿಗೆ ಹೊಲ ಕಳೆದುಕೊಳ್ಳುವುದನ್ನು ತಡೆಯಲಿಕ್ಕೆ. ಸಾಲ ಕೊಡುವುದೇ ಅಲ್ಲಿ ಸಮಾಜ ಕಾರ್ಯವಾಗಿತ್ತು. ಅಂತರರಾಷ್ಟ್ರೀಯ ಸಹಕಾರ ಮೈತ್ರಿಕೂಟವು 1995ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸಹಕಾರ ತತ್ವಗಳನ್ನು ಪರಿಷ್ಕರಿಸಿದಾಗ ಸಮುದಾಯದ ಕಾಳಜಿ ಎಂಬ ಏಳನೆಯ ತತ್ವವನ್ನು ಸೇರಿಸಿತು. ಸದಸ್ಯರು ಒಪ್ಪಿದ ನೀತಿಗಳ ಮೂಲಕ ಸಂಘಗಳು ತಮ್ಮ ಸಮುದಾಯದ ಸುಸ್ಥಿರ ಅಭಿವೃದ್ಧಿಗೆ ದುಡಿಯಬೇಕು ಎಂಬುದು ಅದರ ತಿರುಳು. ‘ಸದಸ್ಯರು ಒಪ್ಪಿದ ನೀತಿ’ ಎಂಬ ಮಾತನ್ನು ದಯವಿಟ್ಟು ಗಮನಿಸಿ. ಅಧ್ಯಕ್ಷರ ಔದಾರ್ಯಕ್ಕೆ ಅಲ್ಲಿ ಜಾಗವಿಲ್ಲ. ಮುಂದಿನ ಪತ್ರಗಳಿಗೆ ಉತ್ತರ ಬರೆಯುವಾಗಲೂ ನಾನು ಹಿಡಿದಿರುವುದು ಇದೇ ಅಳತೆಗೋಲನ್ನು.

ಪ್ರಶ್ನೆ: ಮನೆಯ ಮೂರು ಹಸುಗಳಿಗೆ ಮೇವು ಹಾಕುವವಳು, ಹಾಲು ಕರೆಯುವವಳು, ಡೇರಿಗೆ ಹಾಕುವವಳು ನಾನು. ಸದಸ್ಯತ್ವ ಮಾತ್ರ ಯಜಮಾನರ ಹೆಸರಿನಲ್ಲಿದೆ. ನನ್ನ ಹೆಸರಿಗೆ ಕೇಳಿದರೆ ಮನೆಗೊಂದೇ ಸದಸ್ಯತ್ವ ಎಂದು ಕಾರ್ಯದರ್ಶಿ ಹೇಳುತ್ತಾರೆ. ಬಟವಾಡೆ ದುಡ್ಡು ನನ್ನ ಕೈಗೆ ಬರುವುದೇ ಇಲ್ಲ.
— ಹಾಲು ಉತ್ಪಾದಕಿ, ಮಂಡ್ಯ ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕರಾರು ಮಾಡಿಕೊಳ್ಳಲು ಅರ್ಹರಾದ ಯಾವುದೇ ವ್ಯಕ್ತಿ ಸಂಘದ ಸದಸ್ಯರಾಗಬಹುದು ಎಂಬುದು ಸಹಕಾರ ಕಾಯ್ದೆಯ ಮೂಲ ನಿಲುವು. ಮನೆಗೊಂದೇ ಎಂಬ ಮಾತು ನಿಮ್ಮ ಸಂಘದ ಬೈಲಾದಲ್ಲಿ ನಿಜವಾಗಿ ಇದೆಯೇ ಅಥವಾ ರೂಢಿಯಿಂದ ಬಂದದ್ದೇ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಸದಸ್ಯತ್ವಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನೂ ಬರವಣಿಗೆಯಲ್ಲೇ ಕೇಳಿ. ಆ ಕಾಗದವನ್ನು ಹಿಡಿದು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಬಹುದು. ಬೈಲಾದಲ್ಲೇ ಆ ನಿಯಮ ಇದ್ದರೆ, ಯಜಮಾನರ ಒಪ್ಪಿಗೆಯಿಂದ ಸದಸ್ಯತ್ವವನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವ ದಾರಿ ಇದೆ. ಊರಿನಲ್ಲಿ ನಿಮ್ಮಂತಹ ಹಲವರಿದ್ದರೆ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ ಕಟ್ಟುವುದನ್ನೂ ಯೋಚಿಸಿ. ರಾಜ್ಯದಲ್ಲಿ ಅಂತಹ ಸಂಘಗಳು ಬೇಕಾದಷ್ಟಿವೆ, ನಿಮ್ಮ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಗಳು ಮಾರ್ಗದರ್ಶನ ಮಾಡುತ್ತಾರೆ.

ಇದು ಒಬ್ಬ ಹೆಣ್ಣುಮಗಳ ದೂರು ಎಂದು ನಿರ್ದೇಶಕರು ಪಕ್ಕಕ್ಕಿಡಬಾರದು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮವಾಗಿ ಆರಂಭವಾಗಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾದ ಈ ವ್ಯವಸ್ಥೆಯ ದೊಡ್ಡ ಗುಣ ಎಂದರೆ ಅದಕ್ಕೆ ಪಹಣಿ ಬೇಕಿಲ್ಲ. ಒಂದು ಹಸು ಇದ್ದು ಹಾಲು ಹಾಕಿದರೆ ಭೂಮಿ ಇಲ್ಲದವರೂ ಸದಸ್ಯರಾಗುತ್ತಾರೆ. ಭೂಮಿಯ ಗೋಡೆಯನ್ನು ದಾಟಿದ ಸಂಘ ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟರೆ ಹೇಗೆ?

ಪತ್ತಿನ ಸಂಘಗಳಲ್ಲಿ ಆ ಮೊದಲ ಗೋಡೆಯೇ ಇನ್ನೂ ನಿಂತಿದೆ. ರಾಜ್ಯ ಸರ್ಕಾರದ ಶೂನ್ಯ ಬಡ್ಡಿ ಬೆಳೆ ಸಾಲದ ಮಿತಿ 2023ರಲ್ಲಿ ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿತು; ಸಾಲ ನಿಗದಿಯಾಗುವುದು ಎಕರೆ ಮತ್ತು ಬೆಳೆಯ ಲೆಕ್ಕದ ಮೇಲೆ. ಹೊಲ ಹೆಚ್ಚಿದ್ದವರಿಗೆ ಬಡ್ಡಿಯ ಉಳಿತಾಯವೂ ಹೆಚ್ಚು. ಹೊಲ ಮಾಡುತ್ತಿರುವ ಗೇಣಿದಾರನಿಗೆ ಏನೂ ಇಲ್ಲ, ಏಕೆಂದರೆ 1974ರ ಭೂಸುಧಾರಣೆಯ ನಂತರ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲದೆ ಅದು ಬಾಯಿಮಾತಿನಲ್ಲಿಯೇ ನಡೆದುಕೊಂಡು ಬಂದಿದೆ, ಕೈಯಲ್ಲಿ ಕಾಗದವಿಲ್ಲ. ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ (ನಬಾರ್ಡ್) ರೂಪಿಸಿದ ಜಂಟಿ ಹೊಣೆಗಾರಿಕೆ ಗುಂಪುಗಳು ಇಂಥವರಿಗಾಗಿಯೇ ಇವೆ. ನಾಲ್ಕಾರು ಜನ ಒಬ್ಬರಿಗೊಬ್ಬರು ಜಾಮೀನಾಗಿ ನಿಂತು ಅಡಮಾನವಿಲ್ಲದೆ ಸಾಲ ಪಡೆಯಬಹುದು. ತನ್ನ ವ್ಯಾಪ್ತಿಯಲ್ಲಿ ಗೇಣಿ ಮಾಡುವವರು ಎಷ್ಟು ಜನರಿದ್ದಾರೆ ಎಂದು ಪಟ್ಟಿ ಮಾಡಿಕೊಂಡ ಸಂಘಕ್ಕೆ ಸಾಮಾಜಿಕ ಹೊಣೆಯ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ನಾವು ಅಡಿಕೆ ಮಾರುವುದು ಸೊಸೈಟಿಗೆ, ಕಳೆನಾಶಕ ತರುವುದೂ ಅದೇ ಸೊಸೈಟಿಯ ಮಳಿಗೆಯಿಂದ. ಬೆಟ್ಟದ ಸೊಪ್ಪು ತರುವವರು ಕಡಿಮೆಯಾದರು, ಹಳ್ಳದ ನೀರು ಮಾರ್ಚ್‌ಗೇ ನಿಲ್ಲುತ್ತಿದೆ. ಎಲೆಚುಕ್ಕಿ ರೋಗದಿಂದ ತೋಟ ಸೊರಗಿದೆ. ಮಾರಾಟ ಸಂಘದ ಕೆಲಸ ಒಳ್ಳೆಯ ದರ ಕೊಡಿಸುವುದು, ಉಳಿದದ್ದು ರೈತನ ಖಾಸಗಿ ವಿಷಯ ಎಂದು ಹಿರಿಯರು ಹೇಳುತ್ತಾರೆ. ನೀವೇನು ಹೇಳುತ್ತೀರಿ?
— ಯುವ ಕೃಷಿಕ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ

ಉತ್ತರ: ಹಿರಿಯರ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿದ್ದು, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು ಬೆಳೆಗಾರನಿಗೆ ನ್ಯಾಯವಾದ ತೂಕ, ನ್ಯಾಯವಾದ ದರ ಸಿಗಲೆಂದೇ. ಅಷ್ಟನ್ನು ಪ್ರಾಮಾಣಿಕವಾಗಿ ಮಾಡುವುದೇ ದೊಡ್ಡ ಸಮಾಜ ಕಾರ್ಯ.

ಆದರೆ ಸಂಘ ಏನನ್ನು ಕೊಳ್ಳುತ್ತದೆ, ಏನನ್ನು ಮಾರುತ್ತದೆ ಎಂಬುದು ತೋಟದ ಚಹರೆಯನ್ನೇ ಬದಲಿಸುತ್ತದೆ. ಕ್ಯಾಂಪ್ಕೊದ ಇತಿಹಾಸದಲ್ಲೇ ಇದಕ್ಕೆ ಸಾಕ್ಷಿ ಇದೆ. ಅಡಿಕೆಯ ನಡುವೆ ಕೋಕೋ ಬೆಳೆಯಿರಿ ಎಂದು ಹುರಿದುಂಬಿಸಿದ ಖರೀದಿದಾರರು ವಿಶ್ವ ಮಾರುಕಟ್ಟೆ ಕುಸಿದಾಗ ಹಿಂದೆ ಸರಿದರು. ಬೆಳೆಗಾರರು ಕೋಕೋ ಗಿಡ ಕಡಿಯುವ ಸ್ಥಿತಿ ಬಂತು. ಆಗ ಸಂಘ ಕೋಕೋ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಅಡಿಕೆ ಮರದ ನೆರಳಿನಲ್ಲಿ ಎರಡನೆಯ ಬೆಳೆಯೊಂದು ಉಳಿದದ್ದು ಕೊಳ್ಳುವವರು ಇದ್ದಾರೆ ಎಂಬ ಭರವಸೆಯಿಂದ. ಇಂದು ಕಾಳುಮೆಣಸು, ಜಾಯಿಕಾಯಿ, ಮುರುಗಲು, ಹಲಸಿಗೂ ಅದೇ ಭರವಸೆ ಬೇಕಾಗಿದೆ. ಎಲೆಚುಕ್ಕಿಯೋ ಹಳದಿ ಎಲೆ ರೋಗವೋ ಬಂದ ವರ್ಷ ಒಂದೇ ಬೆಳೆಯನ್ನು ನಂಬಿದ ಮನೆಯ ಪಾಡು ನಿಮಗೆ ಬೇರೆಯವರು ಹೇಳಬೇಕಿಲ್ಲ.

ಇನ್ನು ಮಳಿಗೆಯ ವಿಷಯ. ಕಳೆನಾಶಕ ಎಂದು ನೀವು ಬರೆದಿರುವುದು ಗ್ಲೈಫೋಸೇಟ್ ಆಗಿದ್ದರೆ, ಅದಕ್ಕೆ ನಮ್ಮ ದೇಶದಲ್ಲಿ ಅನುಮತಿ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ, ಅದನ್ನು ಪರವಾನಗಿ ಪಡೆದ ಪೀಡೆ ನಿಯಂತ್ರಣ ನಿರ್ವಾಹಕರ ಮೂಲಕವಷ್ಟೇ ಬಳಸಬೇಕೆಂದು ಹೇಳಿತು. ಖಾಸಗಿ ಅಂಗಡಿಯವನು ಕೇಳಿದವರಿಗೆಲ್ಲ ಕೊಟ್ಟಾನು. ಸದಸ್ಯರದೇ ಆದ ಅಂಗಡಿ ಹಾಗೆ ಮಾಡಬಾರದು. ಯಾವ ಔಷಧಿ, ಯಾವ ಬೆಳೆಗೆ, ಎಷ್ಟು, ಕೈಗವಸು ಹಾಕಿಕೊಳ್ಳಬೇಕೇ ಎಂದು ಹೇಳಿ ಕೊಡುವ ಒಬ್ಬ ಕೃಷಿ ಪದವೀಧರರನ್ನು ಮಳಿಗೆಯಲ್ಲಿ ಕೂರಿಸುವುದು ಸಂಘಕ್ಕೆ ಹೊರೆಯಾಗದು. ಸಿಂಪಡಿಸುವ ಕೂಲಿಯವರೂ ನಮ್ಮ ಊರಿನವರೇ ಎಂಬುದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ, ಆದರೆ ಸಂಘದ ಕಣ್ಣಿಗೆ ಕಾಣಬೇಕು.

ಬೆಟ್ಟದ ಬಗ್ಗೆ ನೀವು ಬರೆದ ಸಾಲು ನನ್ನನ್ನು ತುಂಬ ಕಾಡಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ) ಸವಲತ್ತು ಬಂದದ್ದು, ತೋಟದ ಫಲವತ್ತತೆಯ ಮೂಲ ಅದರ ಮೇಲಿನ ಕಾಡಿನಲ್ಲಿದೆ ಎಂಬ ತಿಳಿವಳಿಕೆಯಿಂದ. ಬೆಟ್ಟ ಬೋಳಾದರೆ ದರಕು (ಉದುರಿದ ಒಣ ಎಲೆ), ಸೊಪ್ಪು ಮಾತ್ರ ಇಲ್ಲವಾಗುವುದಲ್ಲ, ಮಳೆ ನೀರು ಇಂಗದೆ ಹಳ್ಳವೂ ಬೇಗ ಒಣಗುತ್ತದೆ. ಇಷ್ಟು ಸ್ಪಷ್ಟವಾಗಿ ಕಾಡು, ನೀರು, ತೋಟ ಒಂದಕ್ಕೊಂದು ಹೆಣೆದುಕೊಂಡಿರುವ ಸೀಮೆ ನಾಡಿನಲ್ಲಿ ಕಡಿಮೆ. ಸಂಘ ತನ್ನ ಸದಸ್ಯರ ಬೆಟ್ಟಗಳಲ್ಲಿ ಇಂಗುಗುಂಡಿ ತೆಗೆಯಲು, ಸೊಪ್ಪಿನ ಮರಗಳ ಸಸಿ ಬೆಳೆಸಲು ಮಧ್ಯಮಾವಧಿ ಸಾಲ ಕೊಡಲಿ. ಸಾಲ ಪತ್ರದಲ್ಲಿ ಕೊಟ್ಟಿಗೆ, ಗೋಬರ್ ಅನಿಲ, ಹಸಿರೆಲೆ ಗೊಬ್ಬರಕ್ಕೂ ಒಂದು ಕಲಮು ಇರಲಿ. ಹತ್ತು ಜನರ ಬೆಟ್ಟ ಅಕ್ಕಪಕ್ಕ ಇದ್ದಾಗ ಒಬ್ಬೊಬ್ಬರೇ ಬೇಲಿ ಹಾಕಿಕೊಳ್ಳುವುದರಿಂದ ಆಗದ ಕೆಲಸ, ಹತ್ತು ಜನ ಸೇರಿದ ಸಂಘಕ್ಕೆ ಆಗುತ್ತದೆ.

ನೀವು ಕೇಳದ ಒಂದು ಪ್ರಶ್ನೆಯನ್ನೂ ಮುಚ್ಚಿಡಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಬೆಳೆಗಾರರ ಸಂಸ್ಥೆಗಳು ಇದನ್ನು ಒಪ್ಪದೆ ವಾದಿಸುತ್ತಿವೆ. ವಾದ ಒಂದು ಕಡೆ ನಡೆಯಲಿ. ಲಕ್ಷಾಂತರ ಕುಟುಂಬಗಳ ಅನ್ನ ಈ ಬೆಳೆಯಲ್ಲಿದೆ, ಅವರು ತಪ್ಪಿತಸ್ಥರಲ್ಲ. ಆದರೆ ಬಯಲುಸೀಮೆಯಲ್ಲಿ ಕೊಳವೆಬಾವಿ ಕೊರೆದು ಹೊಸ ತೋಟ ಎಬ್ಬಿಸುವುದಕ್ಕೆ ಸಾಲ ಕೊಡುವ ಮುಂಚೆ, ಮುಂದಿನ ಮೂವತ್ತು ವರ್ಷ ಈ ಮಾರುಕಟ್ಟೆ ಹೀಗೇ ಇದ್ದೀತೇ, ಅಷ್ಟು ವರ್ಷ ನೀರು ಇದ್ದೀತೇ ಎಂದು ಸದಸ್ಯರ ಎದುರಿಗೆ ಬಿಚ್ಚಿ ಮಾತಾಡುವುದು ಸಂಘಗಳ ಕರ್ತವ್ಯ. ನಾನು ಹುಟ್ಟಿದ್ದೂ ಅಡಿಕೆ ತೋಟದ ಮನೆಯಲ್ಲಿ. ಈ ಮಾತನ್ನು ಬರೆಯುವುದು ನನಗೂ ಸುಲಭವಲ್ಲ.

ಪ್ರಶ್ನೆ: ನೀರಾವರಿ ಪಂಪಿಗೆ ಸೌರಶಕ್ತಿ ಅಳವಡಿಸಿಕೊಂಡವರು ಸೇರಿ ಸಹಕಾರ ಸಂಘ ಮಾಡಿಕೊಳ್ಳಬಹುದೇ? ಎಲ್ಲಿಯಾದರೂ ಇದೆಯೇ?
— ಕೃಷಿಕರು, ವಿಜಯಪುರ ಜಿಲ್ಲೆ

ಉತ್ತರ: ಇದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ ಆರು ಜನ ರೈತರು ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆಯ ನೆರವಿನಿಂದ ಸೌರ ನೀರಾವರಿ ಸಹಕಾರ ಸಂಘ ಕಟ್ಟಿಕೊಂಡರು. 2016ರಿಂದ ಅವರು ಪಂಪು ಓಡಿಸಿ ಉಳಿದ ವಿದ್ಯುತ್ತನ್ನು 25 ವರ್ಷಗಳ ಒಪ್ಪಂದದ ಮೇಲೆ ಅಲ್ಲಿನ ವಿದ್ಯುತ್ ವಿತರಣಾ ಕಂಪನಿಗೆ ಮಾರುತ್ತಿದ್ದಾರೆ. ಇದರ ಜಾಣತನ ನೀರಿನಲ್ಲಿದೆ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ವಿದ್ಯುತ್ ಉಚಿತ; ಮೋಟಾರು ನಿಲ್ಲಿಸಿದರೆ ರೈತನಿಗೆ ಉಳಿಯುವುದು ಏನೂ ಇಲ್ಲ. ಢುಂಡಿಯಲ್ಲಿ ಮೋಟಾರು ನಿಲ್ಲಿಸಿದ ಗಂಟೆಗೆ ದುಡ್ಡು ಬರುತ್ತದೆ, ಹಾಗಾಗಿ ಅಂತರ್ಜಲವನ್ನು ಬೇಕಾದಷ್ಟೇ ಎತ್ತುವ ಮನಸ್ಸಾಗುತ್ತದೆ. ವಿದ್ಯುತ್ ವ್ಯವಹಾರ ಸಹಕಾರಿಗಳಿಗೆ ಹೊಸದೂ ಅಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಿಂದ ನಡೆದುಕೊಂಡು ಬಂದಿದೆ. ನಿಮ್ಮ ಊರಿನಲ್ಲಿ ಆರಂಭಿಸುವ ಮುನ್ನ ಖರೀದಿ ದರ ಮತ್ತು ಒಪ್ಪಂದದ ಬಗ್ಗೆ ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ದರ ಗಟ್ಟಿಯಾಗದೆ ಯಂತ್ರಕ್ಕೆ ಸಾಲ ಮಾಡಬೇಡಿ.

ಪ್ರಶ್ನೆ: ಮೂವತ್ತು ವರ್ಷ ಸೊಸೈಟಿಯ ಕಾರ್ಯದರ್ಶಿಯಾಗಿದ್ದೆ. ವಸೂಲಾತಿಯೇ ಆಗದೆ ಸಂಘಗಳು ಮುಗ್ಗರಿಸುತ್ತಿರುವಾಗ ಸಾಮಾಜಿಕ ಹೊಣೆ, ಸುಸ್ಥಿರತೆ ಎಂಬುವೆಲ್ಲ ಹೊಟ್ಟೆ ತುಂಬಿದವರ ಮಾತಲ್ಲವೇ?
— ನಿವೃತ್ತ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಉತ್ತರ: ಸ್ವಾಮಿ, ನಿಮ್ಮ ಅನುಭವಕ್ಕೆ ನನ್ನ ಗೌರವವಿದೆ. ಠೇವಣಿದಾರರ ಹಣವನ್ನು ಕಾಪಾಡದ ಸಂಘ ಬೇರೆ ಯಾವ ಹೊಣೆಯನ್ನೂ ಹೊರಲಾರದು. 2017ರಲ್ಲಿ ಸಹಕಾರ ಸಂಸ್ಥೆಗಳ ಸಾಲದಲ್ಲಿ ₹50,000, 2018ರಲ್ಲಿ ₹1 ಲಕ್ಷದವರೆಗೆ ಮನ್ನಾ ಘೋಷಣೆಯಾದಾಗ ಸಂಕಷ್ಟದಲ್ಲಿದ್ದವರಿಗೆ ಉಸಿರು ಬಂತು. ಜೊತೆಗೇ, ಕಟ್ಟಬಲ್ಲವರೂ ಮುಂದಿನ ಮನ್ನಾದ ದಾರಿ ಕಾಯುವ ಅಭ್ಯಾಸ ಬೆಳೆಯಿತು. ವಸೂಲಾತಿಗೆ ಮನೆ ಮನೆ ತಿರುಗಿದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಆದರೂ ಒಂದು ಮಾತು. ಹೊಲ ಸವಕಳಿಯಾಗಿ, ಕೊಳವೆಬಾವಿ ಬತ್ತಿ, ಆಸ್ಪತ್ರೆಯ ಬಿಲ್ಲಿಗೆ ಒಡವೆ ಅಡವಿಟ್ಟ ಮನೆಯಿಂದಲೇ ಸಾಲ ಹಿಂದಿರುಗದಿರುವುದು ಹೆಚ್ಚು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯನ್ನು ನೆನಪಿಸಿಕೊಳ್ಳಿ: ತಲೆಗೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು ರೂಪಾಯಿ ವಂತಿಗೆಯಲ್ಲಿ ಸಹಕಾರಿ ರೈತರಿಗೆ ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆಯಿತು. ನೋಂದಣಿಗಾಗಿ ಮನೆಮನೆಗೆ ಹೋದವರು ಸಂಘಗಳ ಕಾರ್ಯದರ್ಶಿಗಳೇ. 2018ರಲ್ಲಿ ಬೇರೊಂದು ಯೋಜನೆಯಲ್ಲಿ ವಿಲೀನವಾದ ಅದು ಕೆಲವು ವರ್ಷಗಳ ನಂತರ ಮತ್ತೆ ಶುರುವಾಯಿತು. ಹೃದಯದ ಶಸ್ತ್ರಚಿಕಿತ್ಸೆಗೆ ಹೊಲ ಮಾರದೆ ಉಳಿದ ಕುಟುಂಬ ಬೆಳೆ ಸಾಲವನ್ನೂ ಕಟ್ಟುತ್ತದೆ. ಸದಸ್ಯನ ನೆಲ ಮತ್ತು ಆರೋಗ್ಯ ಸಂಘ ಕೊಟ್ಟ ಸಾಲಕ್ಕೆ ನಿಜವಾದ ಭದ್ರತೆ. ಹೊಟ್ಟೆ ತುಂಬಿದವರಿಗಿಂತ ಮುಗ್ಗರಿಸುತ್ತಿರುವ ಸಂಘಕ್ಕೇ ಈ ಚಿಂತೆ ಹೆಚ್ಚು ಬೇಕು.

ಪ್ರಶ್ನೆ: ಮಹಾಸಭೆಯಲ್ಲಿ ಇಂತಹ ವಿಷಯ ಎತ್ತಿದರೆ ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಬಂದಾಗ ನೋಡೋಣ ಎನ್ನುತ್ತಾರೆ. ಅಷ್ಟರಲ್ಲಿ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ. ಏನು ಮಾಡಬೇಕು?
— ಸದಸ್ಯರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಸಭೆಯ ತಿಳಿವಳಿಕೆ ಪತ್ರ ಅಚ್ಚಾಗುವುದಕ್ಕೆ ಮುಂಚೆಯೇ, ನಾಲ್ಕೈದು ಸದಸ್ಯರ ಸಹಿಯೊಂದಿಗೆ ನಿಮ್ಮ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕಾರ್ಯದರ್ಶಿಗೆ ಬರೆದು ಕೊಡಿ, ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ‘ಸಂಘ ಪರಿಸರ ಸ್ನೇಹಿಯಾಗಬೇಕು’ ಎಂಬಂತಹ ಮಾತು ಬರೆಯಬೇಡಿ. ಚಪ್ಪಾಳೆಯ ನಂತರ ಅದು ಮರೆತುಹೋಗುತ್ತದೆ. ಬೇರೆ ಓದುಗರಿಗೂ ಉಪಯೋಗವಾಗಲೆಂದು ನಿರ್ಣಯದ ಮಾದರಿಯೊಂದನ್ನು ಕೊಡುತ್ತಿದ್ದೇನೆ:

‘ಹಿಂದಿನ ಆರ್ಥಿಕ ವರ್ಷದಲ್ಲಿ ಸಂಘದ ಮಳಿಗೆಯಲ್ಲಿ ಮಾರಾಟವಾದ ರಸಗೊಬ್ಬರ, ಕೀಟನಾಶಕ ಮತ್ತು ಕಳೆನಾಶಕಗಳ ಪ್ರಮಾಣ, ಮಹಿಳಾ ಸದಸ್ಯರ ಸಂಖ್ಯೆ, ಗೇಣಿ ರೈತರಿಗೆ ಮತ್ತು ಭೂರಹಿತರಿಗೆ ಕೊಟ್ಟ ಸಾಲದ ಮೊತ್ತ, ಮಣ್ಣು, ನೀರು ಸಂರಕ್ಷಣೆಗೆ ಕೊಟ್ಟ ಸಾಲದ ಮೊತ್ತ, ಇವಿಷ್ಟನ್ನು ಮುಂದಿನ ವರ್ಷದಿಂದ ಆಸ್ತಿ, ಹೊಣೆ ತೋರಿಸುವ ಅಡಾವೆ ಪತ್ರಿಕೆಯ ಪಕ್ಕದ ಪುಟದಲ್ಲಿ ಮುದ್ರಿಸಬೇಕೆಂದು ಈ ಸಭೆ ತೀರ್ಮಾನಿಸುತ್ತದೆ.’

ಸೂಚಕರು ಒಬ್ಬರು, ಅನುಮೋದಕರು ಒಬ್ಬರು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅನುಮೋದಕರು ಮಹಿಳಾ ಸದಸ್ಯರಾದರೆ ಒಳ್ಳೆಯದು. ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಗಟ್ಟಿಯಾಗಿ ಓದಿದ ಮೇಲೆಯೇ ಊಟಕ್ಕೆ ಏಳಿ.